ಠಾಣೆಗೆ ಐಎಸ್‌ಒ ಸರ್ಟಿಫಿಕೇಟ್ ಬಂದರೆ ಉತ್ತರದಾಯಿತ್ವ ಹೆಚ್ಚುತ್ತಾ? ಸಂಘದವರು ಏನು ಷರತ್ತು ಹಾಕಬೇಕು?

ಕೆರೆಏರಿ:
ನಮ್ಮ ತಾಲ್ಲೂಕು ಕೇಂದ್ರದ ಪೊಲೀಸ್ ಠಾಣೆಗೆ ಐಎಸ್‌ಒ 9001 (ಗುಣಮಟ್ಟ ನಿರ್ವಹಣೆಯ ಅಂತಾರಾಷ್ಟ್ರೀಯ ಮಾನದಂಡ) ಪ್ರಮಾಣಪತ್ರ ಮಾಡಿಸುವ ಮಾತು ನಡೆದಿದೆ. ನಿವಾಸಿಗಳ ಸಂಘ, ವರ್ತಕರ ಸಂಘ ಎರಡಕ್ಕೂ ಸಭೆಗೆ ಕರೆ ಬಂದಿದೆ, "ಸಹಕಾರ" ಬೇಕಂತೆ. ಸಂಘದಲ್ಲಿ ಈಗಲೇ ಎರಡು ಪಂಗಡ. ಹೊರಗಿನವರು ಬಂದು ತಪಾಸಣೆ ಮಾಡಿದರೆ ದೂರು ತಗೊಳ್ಳೋದು, ಸ್ವೀಕೃತಿ ಕೊಡೋದು ಎಲ್ಲ ದಾರಿಗೆ ಬರುತ್ತೆ ಅಂತ ಒಂದು ಕಡೆ. ಸುಣ್ಣಬಣ್ಣ, ನಾಲ್ಕು ಹೂಕುಂಡ, ಗೋಡೆಗೊಂದು ಫ್ರೇಮು, ಅಷ್ಟೇ ಅಂತ ಇನ್ನೊಂದು ಕಡೆ. ಒಪ್ಪೋದಾದರೆ ಯಾವ ಷರತ್ತಿನ ಮೇಲೆ ಒಪ್ಪಬೇಕು? ಪೊಲೀಸರನ್ನು ಬೈಯುವ, ಹೊಗಳುವ ಪೋಸ್ಟು ಬೇಡ. ವಿವರ ಗೊತ್ತಿದ್ದವರು ಹೇಳಿ.

ಗೋಡೆಗಡಿಯಾರ:
ಫ್ರೇಮಿನ ಪಕ್ಷಕ್ಕೆ ನನ್ನ ಓಟು.

ಆಡಿಟ್‌ಭಟ್ಟ:
ಮೊದಲು ಒಂದು ಗೊಂದಲ ಬಿಡಿಸೋಣ. ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ, ಬರೀ ಮಾನದಂಡ ಬರೆಯುತ್ತೆ. ಸರ್ಟಿಫಿಕೇಟ್ ಕೊಡೋದು ಖಾಸಗಿ ಪ್ರಮಾಣೀಕರಣ ಸಂಸ್ಥೆಗಳು. ಆ ಸಂಸ್ಥೆಗೆ ಮಾನ್ಯತೆ ಕೊಡೋದು ಇನ್ನೊಂದು ಮೇಲಿನ ಮಂಡಳಿ, ನಮ್ಮಲ್ಲಿ ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾ ಅಡಿಯ ಎನ್‌ಎಬಿಸಿಬಿ. ಅಂದರೆ ಠಾಣೆಗೆ ಸಿಗೋದು ಪ್ರಮಾಣಪತ್ರ, ಮಾನ್ಯತೆ ಇರಬೇಕಾದ್ದು ಅದನ್ನು ಕೊಡುವವರಿಗೆ. ಮಾನ್ಯತೆಯೇ ಇಲ್ಲದೆ ಕೆಲವೇ ಸಾವಿರಕ್ಕೆ ಪಿಡಿಎಫ್ ಕಳಿಸೋರೂ ಇದ್ದಾರೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ: ಯಾವ ಸಂಸ್ಥೆ, ಅದಕ್ಕೆ ಮಾನ್ಯತೆ ಕೊಟ್ಟವರು ಯಾರು? ಸರ್ಟಿಫಿಕೇಟ್ ಬಂದಮೇಲೆ ಮಾನ್ಯ ಪ್ರಮಾಣಪತ್ರಗಳ ಆನ್‌ಲೈನ್ ಪಟ್ಟಿ ಐಎಎಫ್ ಸರ್ಟ್‌ಸರ್ಚ್‌ನಲ್ಲಿ ಹುಡುಕಿ. ಅಲ್ಲಿ ಕಾಣದಿದ್ದರೆ ಸಂಸ್ಥೆಗೇ ಬರೆದು ಕೇಳಿ.

ಎರಡನೆಯದು ಆಡಿಟ್ ದಿನಗಳ ಲೆಕ್ಕ. ಇದಕ್ಕೆ ಅಂತಾರಾಷ್ಟ್ರೀಯ ಪಟ್ಟಿ ಇದೆ. ಸಿಬ್ಬಂದಿ 26ರಿಂದ 45 ಇದ್ದರೆ ಮೊದಲ ಸಲದ ಆಡಿಟ್‌ಗೆ 4 ದಿನ, 46ರಿಂದ 65 ಇದ್ದರೆ 5 ದಿನ. ಕಾರಣ ಬರೆದಿಟ್ಟು ಸ್ವಲ್ಪ ಕಡಿಮೆ ಮಾಡಬಹುದು, ಆದರೆ 60 ಜನರ ಠಾಣೆಯನ್ನು ಒಂದು ಮಧ್ಯಾಹ್ನ ಬಂದು, ಊಟ ಮಾಡಿ, ಫೋಟೊ ತೆಗೆಸಿಕೊಂಡು ಹೋದರೆ ಅದು ಆಡಿಟ್ ಅಲ್ಲ. ಮೊದಲ ಹಂತದಲ್ಲಿ ಕಾಗದಪತ್ರ, ಎರಡನೇ ಹಂತದಲ್ಲಿ ಜಾಗದಲ್ಲೇ ಪರಿಶೀಲನೆ. ಸಿಂಧುತ್ವ 3 ವರ್ಷ, ನಡುವೆ ಪ್ರತಿ ವರ್ಷ ಕಣ್ಗಾವಲು ಆಡಿಟ್. ಫ್ರೇಮಿನ ಮೇಲೆ 2019 ಅಂತಿದ್ದು ಇನ್ನೂ ನೇತಾಡುತ್ತಿದ್ದರೆ ಅದಕ್ಕೆ ಕ್ಯಾಲೆಂಡರಿನಷ್ಟೂ ಬೆಲೆ ಇಲ್ಲ.

ಹುಬ್ಬಳ್ಳಿಮಂದಿ:
ಅಲ್ರೀ ಭಟ್ರ, ಇಷ್ಟೆಲ್ಲಾ ಖರೆ. ಆದ್ರ ಐಎಸ್‌ಒ 9001 ಅಂದ್ರ ಫ್ಯಾಕ್ಟರಿಗೂ ಅದ, ಬಿಸ್ಕೀಟ್ ಕಂಪನಿಗೂ ಅದ. ಮಂದೀನ ಸ್ಟೇಷನ್ನಾಗ ಕೂಡಿಸಿ ರಾತ್ರಿ ಪೂರ್ತಿ ಕಾಯಿಸಿದ್ರ ಅದ್ಕ ಯಾವ ಕಲಂ ಹತ್ತತೈತಿ?

ಆಡಿಟ್‌ಭಟ್ಟ:
@ಹುಬ್ಬಳ್ಳಿಮಂದಿ ನೇರವಾಗಿ ಯಾವುದೂ ಹತ್ತಲ್ಲ, ಅದೇ ಅದರ ಮಿತಿ. ನೀವು ಬರೆದುಕೊಂಡದ್ದನ್ನು ನೀವೇ ಪಾಲಿಸುತ್ತೀರಾ ಅಂತ ಬಹುಮಟ್ಟಿಗೆ 9001 ನೋಡುತ್ತೆ. ವ್ಯಾಪ್ತಿಗೆ ಸೇರಿಸದೇ ಇದ್ದದ್ದನ್ನು ಕೇಳಲ್ಲ.

ಆದ್ದರಿಂದ ಜಗಳ ಆಡಬೇಕಾದ್ದು "ವ್ಯಾಪ್ತಿ" ಅನ್ನೋ ಸಾಲಿನ ಮೇಲೆ, ಕಲಂ 4.3. "ಠಾಣಾ ಆಡಳಿತ ಮತ್ತು ಸಾರ್ವಜನಿಕ ಸೇವೆ" ಅಂತ ಸಡಿಲವಾಗಿ ಬರೆದರೆ ಆಡಿಟರು ಸ್ವಾಗತ ಕೌಂಟರು, ಕಡತದ ಕಪಾಟು ನೋಡಿ ಹೊರಡ್ತಾರೆ. "ದೂರು ಸ್ವೀಕಾರ, ಬಂಧನ, ಲಾಕಪ್ ನಿರ್ವಹಣೆ, ಸಿಬ್ಬಂದಿ ವಿರುದ್ಧದ ದೂರು" ಅಂತ ಬರೆಸಿದರೆ ಈ ನಾಲ್ಕಕ್ಕೂ ದಾಖಲೆ ತೋರಿಸಲೇಬೇಕು. ಕಲಂ 4.2ರಲ್ಲಿ "ಆಸಕ್ತ ಪಕ್ಷಗಳು" ಅಂತ ಪಟ್ಟಿ ಮಾಡಬೇಕು. ಅಲ್ಲಿ ಬಂಧಿತರು, ಅವರ ಮನೆಯವರು, ವಕೀಲರು ಇದ್ದಾರಾ ನೋಡಿ. ಸಾಮಾನ್ಯವಾಗಿ ಇರೋದು ವರ್ತಕರು, ಶಾಲೆ, ಪತ್ರಕರ್ತರು.

ಗೋಡೆಗಡಿಯಾರ:
ಲಾಕಪ್ಪಿನಲ್ಲಿರೋನು "ಗ್ರಾಹಕ"ನಾ? ಅವನ ಹತ್ರ ಫೀಡ್‌ಬ್ಯಾಕ್ ಫಾರಂ ತುಂಬಿಸ್ತಾರಾ 😄

ಕರಾವಳಿಕಾಗೆ:
ನಗುವ ವಿಷಯ ಅಲ್ಲ ಮಾರಾಯ್ರೆ. ಇಂಗ್ಲೆಂಡ್, ವೇಲ್ಸಿನಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡುವುದು. ಸ್ವತಂತ್ರ ಕಸ್ಟಡಿ ಸಂದರ್ಶಕರು ಅಂತ ಊರಿನ ಸಾಮಾನ್ಯ ಜನರೇ ಇಬ್ಬಿಬ್ಬರಾಗಿ, ಮುಂಚೆ ಹೇಳದೆ, ಯಾವ ಹೊತ್ತಿಗೂ ಹೋಗಿ ಬಂಧಿತರ ಹತ್ತಿರ ಮಾತಾಡಬಹುದು. ಊಟ ಕೊಟ್ಟರಾ, ವಕೀಲರನ್ನು ಕೇಳುವ ಹಕ್ಕು ಹೇಳಿದರಾ, ಔಷಧಿ ಉಂಟಾ, ಅಷ್ಟೇ ಕೇಳುವುದು. ಕೇಸಿನ ವಿಷಯ ಎತ್ತುವ ಹಾಗಿಲ್ಲ. 1981ರ ಲಂಡನ್ನಿನ ಬ್ರಿಕ್ಸ್‌ಟನ್ ಗಲಭೆಯ ನಂತರ ಸ್ಕಾರ್ಮನ್ ವರದಿಯಿಂದ ಹುಟ್ಟಿದ್ದು, 2002ರ ಕಾಯ್ದೆಯಲ್ಲಿ ಗಟ್ಟಿಯಾಯಿತು.

ನಮ್ಮಲ್ಲೂ ಬೀಜ ಬಿದ್ದಿದೆ. ಬಂಧಿತರ ಹಕ್ಕಿನ ಬಗ್ಗೆ ಇದ್ದ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಜುಲೈ 24ರಂದು ಕೊಟ್ಟ ಆದೇಶದಲ್ಲಿ ಜೈಲು, ಠಾಣೆ ಎರಡಕ್ಕೂ ಸರ್ಕಾರೇತರ ಸಂದರ್ಶಕರನ್ನು ನೇಮಿಸುವುದನ್ನು ರಾಜ್ಯಗಳು ಪರಿಶೀಲಿಸಬೇಕು ಅಂತ ಉಂಟು. ಆದರೆ "ಪರಿಶೀಲಿಸಬೇಕು" ಅಂದರೆ ನಮ್ಮ ಕಡೆ ಏನಾಗ್ತದೆ ಅಂತ ನಿಮಗೇ ಗೊತ್ತುಂಟಲ್ಲ.

ಜೆರ್ಸಿಕನ್ನಡಿಗ:
ಮಾನ್ಯತೆಯ ಮಾತು ಬಂದಿದ್ದರಿಂದ ಅಮೆರಿಕದ ಲೆಕ್ಕ. ಇಲ್ಲಿ ಪೊಲೀಸ್ ಇಲಾಖೆಗಳಿಗೆ ಮಾನ್ಯತೆ ಕೊಡುವ ಕ್ಯಾಲಿಯಾ ಅನ್ನೋ ಆಯೋಗ ಇದೆ. 1979ರಲ್ಲಿ ಶುರು, ಕಚೇರಿ ವರ್ಜೀನಿಯಾದ ಗೇನ್ಸ್‌ವಿಲ್. ಇದು ಬಿಸ್ಕೀಟ್ ಕಂಪನಿಗೂ ಅನ್ವಯಿಸುವ ಮಾನದಂಡ ಅಲ್ಲ, ಪೊಲೀಸರಿಗೆಂದೇ ಬರೆದದ್ದು. ಮೇಲಿನ ಶ್ರೇಣಿಗೆ 400ಕ್ಕೂ ಹೆಚ್ಚು ಅಂಶ. 4 ವರ್ಷದ ಸುತ್ತು, ಪ್ರತಿ ವರ್ಷ ಒಂದಷ್ಟು ಕಡತ ಆನ್‌ಲೈನಲ್ಲಿ ಪರಿಶೀಲನೆ, ಕೊನೆಯ ವರ್ಷ ಜಾಗಕ್ಕೆ ಬರ್ತಾರೆ.

ಅದರಲ್ಲಿ ನಿಮಗೆ ಉಪಯೋಗಕ್ಕೆ ಬರುವ ಮೂರು ಅಂಶ ಹೇಳ್ತೀನಿ. ಸಿಬ್ಬಂದಿ ಮೇಲೆ ಬರುವ ಎಲ್ಲ ದೂರನ್ನೂ, ಅನಾಮಧೇಯ ಆದರೂ, ವಿಚಾರಿಸಲೇಬೇಕು. ಅವುಗಳ ವಾರ್ಷಿಕ ಅಂಕಿಅಂಶ ಜನರಿಗೆ ಸಿಗಬೇಕು. ಬಲಪ್ರಯೋಗ ಆದ ಪ್ರತಿ ಸಲ ಬರಹದ ವರದಿ, ಜೊತೆಗೆ ವರ್ಷಕ್ಕೊಮ್ಮೆ ಒಟ್ಟು ವಿಶ್ಲೇಷಣೆ. ಮೂರನೆಯದು ನನಗೆ ಎಲ್ಲಕ್ಕಿಂತ ಹಿಡಿಸಿದ್ದು: ಒಬ್ಬನೇ ಸಿಬ್ಬಂದಿ ಮೇಲೆ ಪದೇಪದೇ ದೂರು ಬಂದರೆ ಮೇಲಧಿಕಾರಿಗೆ ಮುಂಚೆಯೇ ಗಂಟೆ ಹೊಡೆಯುವ ವ್ಯವಸ್ಥೆ.

ಊರವರ ಪಾಲು ಎಲ್ಲಿ ಅಂದರೆ, ತಪಾಸಣೆಗೆ ಮುಂಚೆ ಇಲಾಖೆ ಪ್ರಕಟಣೆ ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. "ಪೊಲೀಸರು ಕೆಟ್ಟವರು" ಅಂತ ಬರೆದರೆ ಕಸದ ಬುಟ್ಟಿ. "ಇಂಥ ಮಾನದಂಡದಂತೆ ದೂರಿನ ಅಂಕಿಅಂಶ ಪ್ರಕಟಿಸಬೇಕಿತ್ತು, ಎರಡು ವರ್ಷದಿಂದ ಇಲ್ಲ" ಅಂತ ಬರೆದರೆ ಆಡಿಟರು ಆ ಕಡತ ತೆಗೀಲೇಬೇಕಾಗುತ್ತೆ.

ಹುಬ್ಬಳ್ಳಿಮಂದಿ:
ಅಮೆರಿಕಾದಾಗ ಇಷ್ಟೆಲ್ಲಾ ಇದ್ದೂ ಪೊಲೀಸರ ಕೈಯಾಗ ಜಾರ್ಜ್ ಫ್ಲಾಯ್ಡ್ ಸಾವು ಆತಲ್ರೀ?

ಜೆರ್ಸಿಕನ್ನಡಿಗ:
ಇಡೀ ದೇಶದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ, ಕ್ಯಾಲಿಯಾ ಮಾನ್ಯತೆ ಇರೋದು ಅದರಲ್ಲಿ ಸಣ್ಣ ಪಾಲಿಗೆ, ಅದೂ ಐಚ್ಛಿಕ. ಆದರೂ ನಿಮ್ಮ ಕೊಕ್ಕೆ ಸರಿಯಾಗೇ ಇದೆ. ಆಯೋಗ ಹುಟ್ಟುಹಾಕಿದ್ದೇ ಪೊಲೀಸ್ ಮುಖ್ಯಸ್ಥರ, ಶೆರಿಫರ ನಾಲ್ಕು ಸಂಘಟನೆಗಳು. ಶುಲ್ಕ ಕಟ್ಟೋದು ತಪಾಸಣೆಗೆ ಒಳಗಾಗುವ ಇಲಾಖೆಯೇ. ಪುರಾವೆ ಕಡತ ಆರಿಸಿ ಕೊಡೋದೂ ಬಹುಮಟ್ಟಿಗೆ ಅವರೇ. ಒಬ್ಬ ವ್ಯಕ್ತಿಯ ದೂರನ್ನು ಆಯೋಗ ವಿಚಾರಿಸಲ್ಲ, ದೂರು ವಿಚಾರಿಸುವ ಪದ್ಧತಿ ಇದೆಯಾ ಅಂತ ಮಾತ್ರ ನೋಡುತ್ತೆ. 2020ರ ಜೂನಿನ ಅಧ್ಯಕ್ಷರ ಆದೇಶ, ಸ್ವತಂತ್ರ ಸಂಸ್ಥೆಯ ಪ್ರಮಾಣೀಕರಣಕ್ಕೂ ಕೇಂದ್ರದ ಅನುದಾನಕ್ಕೂ ಗಂಟು ಹಾಕಿತು. ದುಡ್ಡು ನಿಲ್ಲುತ್ತೆ ಅಂದಾಗಲೇ ಚಲನೆ ಬಂದದ್ದು.

ಕಡತಯಜ್ಞ:
ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್ ಬರೆದ ಮಾನದಂಡ ಐಎಸ್ 15700ರ ಹೆಸರು ಇಲ್ಲಿ ಯಾರೂ ಎತ್ತಲಿಲ್ಲವಲ್ಲ! 2005ರಲ್ಲೇ ಬಂದದ್ದು, ಸಾರ್ವಜನಿಕ ಸೇವಾ ಸಂಸ್ಥೆಗಳಿಗೆಂದೇ ಬರೆದದ್ದು. ಸೇವೋತ್ತಮ ಅಂತ ಕೇಂದ್ರದ ಮಾದರಿ ಇದೆಯಲ್ಲ, ಅದರ ಬೆನ್ನಿಗೆ ಇರೋದು ಇದು. ನಾಗರಿಕ ಸನ್ನದು ಪ್ರಕಟಿಸಬೇಕು, ದೂರು ನಿರ್ವಹಣೆಗೆ ವ್ಯವಸ್ಥೆ ಇರಬೇಕು. 9001ರಲ್ಲಿ "ಗ್ರಾಹಕ ತೃಪ್ತಿ" ಅಂತ ಸುತ್ತಿ ಬಳಸಿ ಹೇಳಿದ್ದನ್ನು ಇದು ನೇರವಾಗಿ ಹೇಳುತ್ತೆ. ಠಾಣೆಗೆ ಸರ್ಟಿಫಿಕೇಟ್ ಬೇಕೇಬೇಕು ಅಂದರೆ ಇದನ್ನೇ ಕೇಳಿ. ಬ್ಯಾನರಿನಲ್ಲಿ "ಐಎಸ್‌ಒ" ಅಂತ ಹಾಕಿದಷ್ಟು ಚೆಂದ ಕಾಣಲ್ಲ ಅನ್ನೋದೊಂದೇ ತೊಂದರೆ.

ಗೋಡೆಗಡಿಯಾರ:
ರಾಯಚೂರಿನ ಕವಿತಾಳ ಠಾಣೆಗೆ 2025ರಲ್ಲಿ ದೇಶಕ್ಕೇ ಮೂರನೇ ಸ್ಥಾನ ಬಂತಲ್ಲ. ಅದೂ ಐಎಸ್‌ಒನಾ?

ಕಡತಯಜ್ಞ:
ಅಲ್ಲ, ಅದು ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ಶ್ರೇಯಾಂಕ. ಅರ್ಜಿ ಹಾಕಿ, ಶುಲ್ಕ ಕಟ್ಟಿ ಪಡೆಯೋದಲ್ಲ. ಅಂಕ ಕೊಡುವ ರೀತಿ ನೋಡಿ: 2020ರ ಪಟ್ಟಿಗೆ 80 ಪ್ರತಿಶತ ಅಪರಾಧ ಪ್ರಕರಣಗಳ ದತ್ತಾಂಶದಿಂದ, 20 ಪ್ರತಿಶತ ಕಟ್ಟಡ ಸೌಕರ್ಯ, ಸಿಬ್ಬಂದಿಯ ವರ್ತನೆ, ಜನರ ಅಭಿಪ್ರಾಯದಿಂದ. ಆಸ್ತಿ ಅಪರಾಧ, ಮಹಿಳೆಯರ ಮೇಲಿನ ಅಪರಾಧ, ದುರ್ಬಲ ವರ್ಗದವರ ಮೇಲಿನ ಅಪರಾಧ, ಕಾಣೆಯಾದವರು, ಗುರುತು ಸಿಗದ ಶವ, ಇಂಥವು. ಸಣ್ಣ ಊರಿನ ಠಾಣೆ ಮೇಲೆ ಬಂದದ್ದು ಖುಷಿಯೇ. ಆದರೆ ದತ್ತಾಂಶ ಶುರುವಾಗೋದೇ ಪ್ರಕರಣ ದಾಖಲಾದ ಮೇಲೆ. ದಾಖಲಿಸದೆ ವಾಪಸ್ ಕಳಿಸಿದ ದೂರು ಅಲ್ಲಿಗೆ ಹೋಗೋದೇ ಇಲ್ಲ.

ರೈಟರ್‌ಟೇಬಲ್:
ಕಡತಯಜ್ಞರ ಕೊನೆಯ ಮಾತಿನಲ್ಲೇ ಎಲ್ಲ ಇದೆ. ಠಾಣೆಯಲ್ಲಿ ದೂರು ಎಲ್ಲಿ ಕಳೆದುಹೋಗುತ್ತೆ ಅಂತ ಗೊತ್ತಿಲ್ಲದ ಆಡಿಟರು ಎಫ್‌ಐಆರ್ ಪುಸ್ತಕದಿಂದ ಹತ್ತು ನಂಬರ್ ಆರಿಸ್ತಾನೆ. ಹತ್ತೂ ಸರಿಯಾಗಿರುತ್ತೆ, ಯಾಕಂದರೆ ಕಂಪ್ಯೂಟರಿಗೆ ಹೋದದ್ದೆಲ್ಲ ಸರಿಯಾಗೇ ಇರುತ್ತೆ. ಬಾಗಿಲಿನಿಂದ ಒಳಕ್ಕೆ ಬನ್ನಿ, ಆಗ ಗೊತ್ತಾಗುತ್ತೆ.

ಕಳೆದ ಮೂರು ತಿಂಗಳಲ್ಲಿ ಯಾವುದಾದರೂ ಏಳು ದಿನ ಆರಿಸಿ, ಒಂದು ಭಾನುವಾರ, ಒಂದು ಹಬ್ಬದ ದಿನ ಇರಲಿ. ಸಂದರ್ಶಕರ ಪುಸ್ತಕದಲ್ಲಿ "ದೂರು ಕೊಡಲು" ಅಂತ ಬರೆದವರ ಸಂಖ್ಯೆ ಎಣಿಸಿ. ಅದೇ ದಿನದ ಅರ್ಜಿ ವಹಿ ತೆಗೆಯಿರಿ, ಸ್ವೀಕೃತಿ ಎಷ್ಟು ಕೊಟ್ಟಿದ್ದಾರೆ? ಠಾಣಾ ದಿನಚರಿಯಲ್ಲಿ ನಮೂದು ಎಷ್ಟು? ಎಫ್‌ಐಆರ್, ಎನ್‌ಸಿ (ವಾರಂಟ್ ಇಲ್ಲದೆ ಬಂಧಿಸಲಾಗದ ಸಣ್ಣ ಅಪರಾಧದ ನಮೂದು), ಹಿಂಬರಹ (ಅರ್ಜಿದಾರರಿಗೆ ಕೊಡುವ ಲಿಖಿತ ಉತ್ತರ) ಮೂರೂ ಕೂಡಿದರೆ ಅರ್ಜಿಗಳ ಸಂಖ್ಯೆಗೆ ಸಮ ಬರುತ್ತಾ? ನಲವತ್ತು ಜನ ಬಂದು ಹನ್ನೊಂದು ಸ್ವೀಕೃತಿ ಅಂದರೆ ಉಳಿದ ಇಪ್ಪತ್ತೊಂಬತ್ತು ಏನಾಯ್ತು ಅನ್ನೋ ಪ್ರಶ್ನೆಗೆ ಫ್ರೇಮು ಉತ್ತರ ಕೊಡಲ್ಲ.

ಹಿಂಬರಹಗಳನ್ನು ಒಟ್ಟಿಗೆ ಓದಿ. "ಸಿವಿಲ್ ಸ್ವರೂಪದ ವ್ಯಾಜ್ಯ, ಸಕ್ಷಮ ನ್ಯಾಯಾಲಯದಲ್ಲಿ ಪರಿಹಾರ ಪಡೆಯುವುದು" ಅನ್ನೋ ಒಂದೇ ವಾಕ್ಯ ಎಲ್ಲದರಲ್ಲೂ ನಕಲು ಆಗಿದ್ದರೆ ಯಾರೂ ಅರ್ಜಿ ಓದಿಲ್ಲ ಅಂತಲೇ ಅರ್ಥ.

ಕೆರೆಏರಿ:
@ರೈಟರ್‌ಟೇಬಲ್ ಸಂಘದವರಿಗೆ ಆ ಪುಸ್ತಕ ತೋರಿಸ್ತಾರಾ? ಹೆಸರು, ಫೋನ್ ನಂಬರ್ ಎಲ್ಲ ಇರುತ್ತಲ್ಲ.

ರೈಟರ್‌ಟೇಬಲ್:
ತೋರಿಸಬೇಕಾಗಿಲ್ಲ, ನೀವು ಕೇಳಲೂಬಾರದು. ದೂರುದಾರರ ಹೆಸರು ಸಂಘದ ಕೈಗೆ ಸಿಕ್ಕರೆ ನಾಳೆ ಇನ್ನೊಂದು ರಗಳೆ. ನೀವು ಕೇಳಬೇಕಾದ್ದು ಸಂಖ್ಯೆ: ತಿಂಗಳಿಗೆ ಅರ್ಜಿ ಎಷ್ಟು, ಎಫ್‌ಐಆರ್ ಎಷ್ಟು, ಎನ್‌ಸಿ ಎಷ್ಟು, ಹಿಂಬರಹ ಎಷ್ಟು, ಬಾಕಿ ಎಷ್ಟು. ನಾಲ್ಕು ಕಾಲಂ ಕೂಡಿದರೆ ಮೊದಲನೇ ಕಾಲಂ ಬರಬೇಕು. ಪುಸ್ತಕ ತೆಗೆದು ನೋಡೋದು ಆಡಿಟರ ಕೆಲಸ.

ವಕೀಲರಕೋಟು:
ಸರ್ಟಿಫಿಕೇಟ್ ಇರಲಿ ಬಿಡಲಿ, ಕಾನೂನೇ ಹೇಳಿರೋದನ್ನು ಮೊದಲು ಪಟ್ಟಿಗೆ ಹಾಕಿ. ಇವಕ್ಕೆ ಯಾರ "ಸಹಕಾರ"ವೂ ಬೇಕಿಲ್ಲ.

2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್ ಕಲಂ 37: ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರನ್ನು ಗೊತ್ತುಮಾಡಬೇಕು, ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪ ಠಾಣೆಯಲ್ಲಿ ಎದ್ದುಕಾಣುವಂತೆ, ಡಿಜಿಟಲ್ ರೂಪದಲ್ಲೂ, ಪ್ರದರ್ಶಿಸಬೇಕು. ಆ ಬೋರ್ಡು ಇದೆಯಾ, ಇವತ್ತಿನದ್ದಾ ಅಂತ ಹೊರಗೆ ನಿಂತೇ ನೋಡಬಹುದು. ಕಲಂ 173(2): ಎಫ್‌ಐಆರ್ ಪ್ರತಿ ಉಚಿತ. ಕಲಂ 193(3): ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು. ದೂರು ತಗೊಳ್ಳದಿದ್ದರೆ ಕಲಂ 173(4): ಅಂಚೆಯಲ್ಲಿ ಎಸ್‌ಪಿಗೆ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದ ಎಫ್‌ಐಆರ್‌ಗಳು 24 ಗಂಟೆಯೊಳಗೆ ವೆಬ್‌ಸೈಟಿಗೆ ಏರಬೇಕು.

ಸಿಬ್ಬಂದಿ ವಿರುದ್ಧದ ದೂರಿಗೆ ಬೇರೆ ಬಾಗಿಲು ಇದೆ. 2006ರ ಸೆಪ್ಟೆಂಬರ್ 22ರ ಸುಪ್ರೀಂ ಕೋರ್ಟಿನ ಪ್ರಕಾಶ್ ಸಿಂಗ್ ತೀರ್ಪು ಜಿಲ್ಲೆಗೊಂದು, ರಾಜ್ಯಕ್ಕೊಂದು ಪೊಲೀಸ್ ದೂರು ಪ್ರಾಧಿಕಾರ ಇರಲಿ ಅಂದಿತು. ಡಿವೈಎಸ್‌ಪಿವರೆಗೆ ಜಿಲ್ಲೆ, ಎಸ್‌ಪಿ ಮತ್ತು ಮೇಲಿನವರಿಗೆ ರಾಜ್ಯ. ಕರ್ನಾಟಕದಲ್ಲಿ 2012ರ ತಿದ್ದುಪಡಿಯಿಂದ ಪೊಲೀಸ್ ಕಾಯ್ದೆಯೊಳಗೆ ಬಂದಿದೆ. ಕಳೆದ ವರ್ಷ ನಿಮ್ಮ ಜಿಲ್ಲಾ ಪ್ರಾಧಿಕಾರ ಎಷ್ಟು ಸಲ ಸಭೆ ಸೇರಿತು, ಎಷ್ಟು ದೂರು ಬಂತು, ಎಷ್ಟು ಮುಗೀತು ಅಂತ ಒಂದು ಆರ್‌ಟಿಐ ಹಾಕಿ. ಹತ್ತು ರೂಪಾಯಿಯ ಕೆಲಸ.

ಹುಬ್ಬಳ್ಳಿಮಂದಿ:
ಅಂದ್ರ ಐಎಸ್‌ಒ ಆಡಿಟ್‌ಕಿಂತ ಹತ್ ರೂಪಾಯಿ ಪೋಸ್ಟಲ್ ಆರ್ಡರ್ ಗಟ್ಟಿ ಅಂತೀರಿ 👍

ಡಿವಿಆರ್‌ತಜ್ಞ:
ಕ್ಯಾಮೆರಾ ವಿಷಯ ಎತ್ತಲೇಬೇಕು. ಪರಂವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 2020ರ ಡಿಸೆಂಬರ್ 2ರ ಆದೇಶ: ಮುಖ್ಯ ದ್ವಾರ, ಎಲ್ಲ ಲಾಕಪ್, ಕಾರಿಡಾರ್, ವರಾಂಡ, ಇನ್ಸ್‌ಪೆಕ್ಟರ್ ಮತ್ತು ಎಸ್‌ಐ ಕೊಠಡಿ, ಶೌಚಾಲಯದ ಹೊರಗೆ, ಠಾಣೆಯ ಹಿಂಭಾಗ, ಎಲ್ಲ ಕಡೆ ಕ್ಯಾಮೆರಾ. ರಾತ್ರಿ ಕಾಣಬೇಕು, ಧ್ವನಿಯೂ ಇರಬೇಕು. 30 ದಿನ ಇಟ್ಟರೆ ಸಾಕು ಅಂತ ಎಷ್ಟೋ ಕಡೆ ಹೇಳ್ತಾರೆ. ತಪ್ಪು. 18 ತಿಂಗಳು ಇಡುವ ಉಪಕರಣ ಬೇಕು, ಅದು ಮಾರುಕಟ್ಟೆಯಲ್ಲಿ ಸಿಗದಿದ್ದರೆ ಸಿಗುವುದರಲ್ಲೇ ಹೆಚ್ಚಿನದು, ಆದರೆ 1 ವರ್ಷಕ್ಕೆ ಕಡಿಮೆ ಆಗಕೂಡದು.

ಈಗ ಗಣಿತ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ 21.6 ಜಿಬಿ. 16 ಕ್ಯಾಮೆರಾಗೆ ದಿನಕ್ಕೆ ಸುಮಾರು 346 ಜಿಬಿ. ವರ್ಷಕ್ಕೆ 126 ಟಿಬಿ, 18 ತಿಂಗಳಿಗೆ 189 ಟಿಬಿ. ಡಿವಿಆರ್ (ದೃಶ್ಯ ದಾಖಲಿಸಿಡುವ ಪೆಟ್ಟಿಗೆ) ಒಳಗೆ 8 ಟಿಬಿ ಡಿಸ್ಕ್ ಇದ್ದರೆ 23 ದಿನಕ್ಕೆ ಹಳೆಯದರ ಮೇಲೆ ಹೊಸದು ಬರೆಯುತ್ತೆ. ದೃಶ್ಯವನ್ನು ಹೆಚ್ಚು ಕುಗ್ಗಿಸುವ ಎಚ್.265ಗೆ ಬದಲಾಯಿಸಿ ಬಿಟ್‌ರೇಟ್ ಅರ್ಧ ಮಾಡಿದರೂ ವರ್ಷಕ್ಕೆ 63 ಟಿಬಿ. ಹಾಗಾಗಿ "ಕ್ಯಾಮೆರಾ ಎಷ್ಟಿವೆ" ಅಂತ ಕೇಳಬೇಡಿ, "ಡಿಸ್ಕ್ ಒಟ್ಟು ಎಷ್ಟು ಟಿಬಿ" ಅಂತ ಕೇಳಿ. ಉತ್ತರ ಒಂದಂಕಿಯಲ್ಲಿ ಬಂದರೆ ಮುಂದೆ ಮಾತೇ ಬೇಡ.

ಪರೀಕ್ಷೆ ಹೀಗೆ: ಹನ್ನೊಂದು ತಿಂಗಳ ಹಿಂದಿನ ಒಂದು ದಿನ, ಬೆಳಗಿನ ಜಾವ 3 ಗಂಟೆ, ಲಾಕಪ್ ಹೊರಗಿನ ಕ್ಯಾಮೆರಾ, ಎರಡು ನಿಮಿಷ ಆಡಿಸಿ ತೋರಿಸಿ ಅಂತ ಆಡಿಟರು ಕೇಳಲಿ. ಧ್ವನಿ ಬರುತ್ತಾ ನೋಡಲಿ. ಬಹಳ ಕಡೆ ಮೈಕ್ ವೈರೇ ಎಳೆದಿರಲ್ಲ.

ಕರಾವಳಿಕಾಗೆ:
ಅದೇ ಆದೇಶದಲ್ಲಿ ಇನ್ನೊಂದು ಉಂಟು, ಯಾರೂ ಹೇಳುವುದಿಲ್ಲ. ಕ್ಯಾಮೆರಾ ಕೆಟ್ಟರೆ ಠಾಣಾಧಿಕಾರಿ ಜಿಲ್ಲಾ ಮೇಲುಸ್ತುವಾರಿ ಸಮಿತಿಗೆ ತಿಳಿಸಬೇಕು, ಕೆಟ್ಟಿದ್ದ ಅವಧಿಯಲ್ಲಿ ಆದ ಬಂಧನ, ವಿಚಾರಣೆಗಳ ವಿವರವನ್ನೂ ಕಳಿಸಬೇಕು. ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಎಸ್‌ಪಿ ಜೊತೆಗೆ ಸ್ಥಳೀಯ ಸಂಸ್ಥೆಯ ಮುಖ್ಯಸ್ಥರೂ ಇರಬೇಕು, ಮೇಯರ್ ಇಲ್ಲವೇ ಜಿಲ್ಲಾ ಪಂಚಾಯಿತಿಯವರು. ಜನರ ಕಡೆಯಿಂದ ಒಳಗೆ ಕೂತವರು ಅವರೊಬ್ಬರೇ. ದೃಶ್ಯದ ತುಣುಕು ಕೇಳಿದರೆ ಆರ್‌ಟಿಐಯಲ್ಲಿ 8(1)(ಎಚ್), ಅಂದರೆ ತನಿಖೆಗೆ ಅಡ್ಡಿ ಆಗ್ತದೆ ಅನ್ನುವ ವಿನಾಯಿತಿ, ತೋರಿಸಿ ತಳ್ಳಿಹಾಕ್ತಾರೆ. ಯಾವ ಕ್ಯಾಮೆರಾ ಎಷ್ಟು ದಿನ ಕೆಟ್ಟಿತ್ತು ಅಂತ ಕೇಳಿ ನೋಡಿ, ತಳ್ಳಿಹಾಕುವುದು ಕಷ್ಟ.

ಬೀಟ್‌ಪುಸ್ತಕ:
ಪೊಲೀಸರ ಕಡೆಯ ಮಾತೂ ಒಂದಿಷ್ಟು ಕೇಳಿ. ಮಂಜೂರಾದ ಹುದ್ದೆ ಖಾಲಿ, ಇದ್ದವರಲ್ಲಿ ಅರ್ಧ ಬಂದೋಬಸ್ತಿಗೆ, ಕೋರ್ಟ್ ಡ್ಯೂಟಿಗೆ. ಅದರ ಮೇಲೆ ಐಎಸ್‌ಒಗೆಂದು ಹೊಸ ಹದಿನೈದು ವಹಿ ಇಟ್ಟರೆ ಅವನ್ನು ಬರೆಯೋನು ಠಾಣೆಯ ಬರವಣಿಗೆ ನೋಡಿಕೊಳ್ಳೋ ಅದೇ ರೈಟರು. ಆಡಿಟ್ ಹಿಂದಿನ ರಾತ್ರಿ ಕೂತು ಮೂರು ತಿಂಗಳದ್ದು ಒಂದೇ ಪೆನ್ನಿನಲ್ಲಿ ತುಂಬುತ್ತಾನೆ. ಒಂದೇ ಶಾಯಿ, ಒಂದೇ ಓರೆ ಅಕ್ಷರ, ಒಂದೂ ಕಾಟು ಇಲ್ಲ: ಕಂಡರೆ ಅರ್ಥ ಮಾಡ್ಕೊಳ್ಳಿ. ಹೊಸ ವಹಿ ಬೇಡ, ಇರುವ ದಿನಚರಿ, ಅರ್ಜಿ ವಹಿ, ಬಂಧನ ಮೆಮೊಗಳನ್ನೇ ದಾಖಲೆ ಅಂತ ಒಪ್ಪಿಕೊಳ್ಳಿ ಅಂತ ಸಂಘದವರೇ ಹೇಳಿದರೆ ಠಾಣೆಯವರು ನಿಮ್ಮ ಪರ ಆಗ್ತಾರೆ.

ಗೋಡೆಗಡಿಯಾರ:
ಬೆಂಗಳೂರಿನಲ್ಲಿ ಲೋಕಸ್ಪಂದನ ಕ್ಯೂಆರ್ ಕೋಡ್ ಇದೆಯಲ್ಲ, ಸ್ಕ್ಯಾನ್ ಮಾಡಿ ಸ್ಟಾರ್ ಕೊಡೋದು. ಅದನ್ನೇ ಹಾಕಿದರೆ ಆಯ್ತು, ಆಡಿಟ್ ಯಾಕೆ?

ಬೀಟ್‌ಪುಸ್ತಕ:
ಒಳ್ಳೆಯದೇ. ಆದರೆ ಕೋಡ್ ಅಂಟಿಸಿರೋ ಜಾಗ ನೋಡಿ. ಮೇಜಿನ ಮೇಲಿದ್ದು, ಪಕ್ಕದಲ್ಲೇ ಸಿಬ್ಬಂದಿ ನಿಂತು "ಸಾರ್, ಒಂದು ಫೈವ್ ಸ್ಟಾರ್" ಅಂದರೆ ಯಾರು ಎರಡು ಸ್ಟಾರ್ ಕೊಡ್ತಾರೆ? ಗೇಟಿನ ಹೊರಗೂ ಒಂದು, ಸ್ವೀಕೃತಿ ಚೀಟಿ ಹಿಂದೆಯೂ ಒಂದು ಅಚ್ಚು ಹಾಕಿಸಿ. ಮನೆಗೆ ಹೋಗಿ ತುಂಬಲಿ.

ಹುಬ್ಬಳ್ಳಿಮಂದಿ:
ಹೆಲ್ಮೆಟ್ ಫೈನಿಗೂ ಸ್ಟಾರ್ ಕೊಡ್ಬೌದೇನ್ರೀ

ಕೆರೆಏರಿ:
ಫೈನಿನ ಥ್ರೆಡ್ ಬೇರೆ ಇದೆ, ಅಲ್ಲಿ ಹೋಗಿ 🙏 ಖರ್ಚಿನ ವಿಷಯ ಯಾರಾದರೂ ಹೇಳಿ. ವರ್ತಕರ ಸಂಘ ಆಡಿಟ್ ಶುಲ್ಕ, ಪೇಂಟು, ಕುರ್ಚಿ ಎಲ್ಲ ನಾವೇ ಕೊಡಿಸ್ತೀವಿ ಅಂತಿದೆ.

ಆಡಿಟ್‌ಭಟ್ಟ:
ಬೇಡವೇ ಬೇಡ. ನಾಳೆ ಆ ವರ್ತಕರ ಮೇಲೇ ದೂರು ಬಂದಾಗ ದೂರುದಾರ ಕೂರೋದು ಅವರೇ ಕೊಡಿಸಿದ ಕುರ್ಚಿ ಮೇಲೆ, ಬೆನ್ನಿಗೆ ಅವರ ಅಂಗಡಿ ಹೆಸರು ಬರೆದಿರುತ್ತೆ. ಶುಲ್ಕ ಇಲಾಖೆಯ ಅನುದಾನದಿಂದಲೇ ಹೋಗಬೇಕು.

ಸಂಘದ ಕೈಯಲ್ಲಿ ಇನ್ನೊಂದು ಹಿಡಿತ ಇದೆ. ಮಾನ್ಯತೆ ಪಡೆದ ಪ್ರಮಾಣೀಕರಣ ಸಂಸ್ಥೆ ಹೊರಗಿನವರ ದೂರು ಸ್ವೀಕರಿಸುವ ವ್ಯವಸ್ಥೆ ಇಟ್ಟಿರಲೇಬೇಕು, ಅಂಥ ಸಂಸ್ಥೆಗಳಿಗೆಂದೇ ಇರುವ 17021-1 ಮಾನದಂಡದಲ್ಲಿ ಅದು ಕಡ್ಡಾಯ. "ವ್ಯಾಪ್ತಿಯಲ್ಲಿ ದೂರು ಸ್ವೀಕಾರ ಇದೆ, ಇಂಥ ತಿಂಗಳ ಅಂಕಿ ಕೂಡುವುದಿಲ್ಲ" ಅಂತ ಸಂಸ್ಥೆಗೆ ಬರೆಯಿರಿ. ಉತ್ತರ ಬಾರದಿದ್ದರೆ ಎನ್‌ಎಬಿಸಿಬಿಗೆ. ಎರಡನೇ ಹಂತದಲ್ಲಿ ದೊಡ್ಡ ನ್ಯೂನತೆ ಸಿಕ್ಕಿ ಅದು 6 ತಿಂಗಳಲ್ಲಿ ಸರಿಹೋಗದಿದ್ದರೆ ಆ ಹಂತ ಮತ್ತೆ ಮೊದಲಿಂದ. ಆ ನ್ಯೂನತೆಗಳ ವರದಿಯ ಸಾರಾಂಶ ಸೂಚನಾ ಫಲಕಕ್ಕೆ ಹಾಕ್ತೀವಿ ಅಂತ ಮೊದಲೇ ಬರಹದಲ್ಲಿ ಒಪ್ಪಿಸಿ. ಸರ್ಟಿಫಿಕೇಟ್ ಬಂದಮೇಲೆ ಯಾರೂ ಒಪ್ಪಲ್ಲ.

ಜೆರ್ಸಿಕನ್ನಡಿಗ:
+1. ಇಲ್ಲೂ ಊರವರಿಗೆ ಬಲ ಇರೋದು ಮಾನ್ಯತೆ ಸಿಗೋವರೆಗೆ ಮಾತ್ರ.

ಕೆರೆಏರಿ:
ಸರಿ, ಸಭೆಗೆ ಒಯ್ಯಲು ಒಂದು ಪುಟದ ಪತ್ರ ಬರೀತಿದ್ದೀನಿ. ವ್ಯಾಪ್ತಿಯಲ್ಲಿ ನಾಲ್ಕು ವಿಷಯ, ತಿಂಗಳ ಸಂಖ್ಯೆ ಫಲಕಕ್ಕೆ, ಡಿಸ್ಕ್ ಎಷ್ಟು ಟಿಬಿ, ಶುಲ್ಕ ಇಲಾಖೆಯದೇ, ಹೊಸ ವಹಿ ಬೇಡ, ನ್ಯೂನತೆಗಳ ಸಾರಾಂಶ ಪ್ರಕಟಣೆ. ಐಎಸ್ 15700 ಕೇಳಿ ನೋಡ್ತೀನಿ, ಒಪ್ಪೋದು ಅನುಮಾನ. ಬಿಟ್ಟದ್ದು ಇದ್ದರೆ ಹೇಳಿ.

ಡಿವಿಆರ್‌ತಜ್ಞ:
ಡಿವಿಆರ್ ಗಡಿಯಾರ. ಕರೆಂಟು ಹೋಗಿ ಬಂದರೆ ಬ್ಯಾಟರಿ ಸತ್ತ ಡಿವಿಆರ್ ವರ್ಷಗಟ್ಟಲೆ ಹಿಂದಿನ ತಾರೀಕಿಗೆ ಹೋಗುತ್ತೆ. ಬಂಧನ ಮೆಮೊದಲ್ಲಿ ರಾತ್ರಿ 9.40, ಕ್ಯಾಮೆರಾದಲ್ಲಿ ಮಧ್ಯಾಹ್ನ 2.15 ಅಂತಿದ್ದರೆ ಎರಡೂ ಕೆಲಸಕ್ಕೆ ಬರಲ್ಲ. ವಾರಕ್ಕೊಮ್ಮೆ ಗಡಿಯಾರ ಸರಿಯಿದೆ ಅಂತ ದಿನಚರಿಯಲ್ಲಿ ಒಂದು ಸಾಲು ಬರೆಯಲಿ.

ರೈಟರ್‌ಟೇಬಲ್:
ಪತ್ರ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಟಪಾಲು ಮುದ್ರೆ, ತಾರೀಕು, ಸಹಿ ಹಾಕಿಸ್ಕೊಂಡು ಬನ್ನಿ. ಹಾಕಿಕೊಡೋಕೆ ಎಷ್ಟು ಹೊತ್ತು ತಗೊಂಡರು ಅಂತಲೂ ಗಡಿಯಾರ ನೋಡ್ಕೊಳ್ಳಿ.